ಆವಕ ಪುಸ್ತಕಕ್ಕೆ ಕೆಂಪು ಗೆರೆ: ಪಂಚಾಯತದ ಅರ್ಜಿಗಳನ್ನು ಕಾಗದದಿಂದ ಕಂಪ್ಯೂಟರಿಗೆ ತರುವ ದಾರಿ

ಪಹಣಿ ಕಂಪ್ಯೂಟರಿನಿಂದ ಬರತೊಡಗಿ ಇಪ್ಪತ್ತು ವರ್ಷ ದಾಟಿತು. ಜಾತಿ, ಆದಾಯದ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ಆನ್‌ಲೈನ್ ಆಗಿವೆ. ಮನೆಯ ಆಸ್ತಿ ದಾಖಲೆಗಳಾದ ನಮೂನೆ 9 ಮತ್ತು 11 ಇ-ಸ್ವತ್ತು ತಂತ್ರಾಂಶದಲ್ಲಿ ಸಿಗುತ್ತವೆ, ಕರದ ಲೆಕ್ಕ ಪಂಚತಂತ್ರ ತಂತ್ರಾಂಶದಲ್ಲಿದೆ. ಆದರೂ ಉತ್ತರ ಕನ್ನಡದ ಎಷ್ಟೋ ಗ್ರಾಮ ಪಂಚಾಯತಗಳ ಮೇಜಿನ ಮೇಲೆ, ಬಂದ ಅರ್ಜಿಗಳನ್ನು ಬರೆದಿಡುವ ಉದ್ದನೆಯ ಆವಕ ಪುಸ್ತಕ ಹಾಗೇ ಕೂತಿದೆ. ನಲ್ಲಿಯಲ್ಲಿ ನೀರು ಬರುತ್ತಿಲ್ಲ, ದಾರಿದೀಪ ಆರಿದೆ, ಮಳೆಗೆ ಕಾಲುಸಂಕ ಕೊಚ್ಚಿಹೋಯಿತು, ಹಳೆಯ ಠರಾವಿನ ನಕಲು ಬೇಕು ಎಂಬ ಅರ್ಜಿಗಳೆಲ್ಲ ಅದರಲ್ಲೇ. ಪಂಚಮಿತ್ರ ಜಾಲತಾಣದಲ್ಲಿ ದೂರು ಕೊಡುವ ದಾರಿ ಇದೆ, ನಿಜ. ಜನ ಬರುವುದು ಮಾತ್ರ ಬಿಳಿ ಹಾಳೆ ಹಿಡಿದುಕೊಂಡೇ.

ಈ ಬರಹ ಆ ಬಿಳಿ ಹಾಳೆಯ ಬಗ್ಗೆ. ಪಂಚಾಯತ ಅಭಿವೃದ್ಧಿ ಅಧಿಕಾರಿ (ಪಿಡಿಒ), ಕಾರ್ಯದರ್ಶಿ, ಡಾಟಾ ಎಂಟ್ರಿ ಆಪರೇಟರ್ ಮತ್ತು ಉತ್ಸಾಹವಿರುವ ಸದಸ್ಯರು ಮೇಲಿನ ಆದೇಶಕ್ಕೆ ಕಾಯದೆ ತಮ್ಮ ಕಚೇರಿಯೊಳಗೇ ಮಾಡಿಕೊಳ್ಳಬಹುದಾದ ಕೆಲಸ ಇದು. ಸೇವಾ ಸಹಕಾರಿ ಸಂಘ, ಮೀನುಗಾರರ ಸೊಸೈಟಿ, ಸಣ್ಣ ಪಟ್ಟಣ ಪಂಚಾಯಿತಿಗೂ ಹೆಚ್ಚು ಬದಲಾವಣೆ ಬೇಕಾಗದು.

ಮೊದಲು ಒಂದನ್ನೇ ಆರಿಸಿ

ಎಲ್ಲವನ್ನೂ ಒಟ್ಟಿಗೆ ಡಿಜಿಟಲ್ ಮಾಡುತ್ತೇವೆಂದು ಹೊರಟ ಕಚೇರಿಗಳಲ್ಲಿ ಕೊನೆಗೆ ಉಳಿಯುವುದು ಧೂಳು ಹಿಡಿದ ಸ್ಕ್ಯಾನರ್. ಹೆಚ್ಚು ಸಲ ಬರುವ, ನಿಮ್ಮ ಕಚೇರಿಯೊಳಗೇ ಮುಗಿಯುವ, ಬೇರೆ ಇಲಾಖೆಯ ಸಹಿ ಬೇಡದ ಒಂದು ಬಗೆಯ ಅರ್ಜಿಯನ್ನು ಮಾತ್ರ ಹಿಡಿಯಿರಿ. ಜಿಲ್ಲೆಯ ಬಹುಪಾಲು ಕಾಡು. ಜಾಗ, ರಸ್ತೆ, ಕಟ್ಟಡ ಎಂದ ಕೂಡಲೇ ಅರಣ್ಯ ಇಲಾಖೆಯ ಅಭಿಪ್ರಾಯ ಬರುತ್ತದೆ, ಕಡತ ನಿಮ್ಮ ಕೈತಪ್ಪಿ ಹೋಗುತ್ತದೆ. ಅಂಥದ್ದನ್ನು ಸದ್ಯಕ್ಕೆ ಮುಟ್ಟಬೇಡಿ. ನೀರು ಮತ್ತು ದಾರಿದೀಪದ ದೂರು ಆರಂಭಕ್ಕೆ ತಕ್ಕುದು. ಕೆಲಸ ಆಯಿತೋ ಇಲ್ಲವೋ ಎಂಬುದು ಊರಿಗೆಲ್ಲ ಕಾಣುತ್ತದೆ, ಸುಳ್ಳು ಹೇಳಲಾಗದು.

ಆರಂಭದ ದಿನವನ್ನೂ ನೋಡಿಕೊಳ್ಳಿ. ಮಾರ್ಚ್ ಕರವಸೂಲಿಯ ತಿಂಗಳು, ಆಗ ಬೇಡ. ಘಟ್ಟದ ಮೇಲೆ ಅಡಿಕೆ ಕೊಯ್ಲಿನ ಹೊತ್ತಿಗೆ ಕಚೇರಿಗೆ ಜನ ಕಡಿಮೆ, ಸಿಬ್ಬಂದಿಗೆ ಕಲಿಯಲು ಪುರುಸೊತ್ತು ಸಿಗುತ್ತದೆ. ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ಜೂನ್-ಜುಲೈನಲ್ಲಿ ಮೀನುಗಾರರು ದಡದಲ್ಲೇ ಇರುತ್ತಾರೆ, ಹೊಸ ಕ್ರಮವನ್ನು ಅವರಿಗೆ ತಿಳಿಸಲು ಅದೇ ಒಳ್ಳೆಯ ಕಾಲ. ಶಿರಸಿ ಸುತ್ತಿನವರಾದರೆ ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬೆ ಜಾತ್ರೆಯ ವಾರ ಬಿಟ್ಟುಬಿಡಿ. ಕೌಂಟರಿನ ಆಚೆ ಈಚೆ ಎರಡೂ ಕಡೆ ಯಾರೂ ಇರುವುದಿಲ್ಲ.

ಕಾಗದದ ಹಿಂದೆ ನಡೆಯಿರಿ

ಹಳೆಯ ಹತ್ತು ದೂರುಗಳನ್ನು ಕಟ್ಟಿನಿಂದ ತೆಗೆಯಿರಿ. ಒಂದೊಂದಕ್ಕೂ ಬಂದ ದಿನ, ಪಿಡಿಒ ಷರಾ ಬರೆದ ದಿನ, ವಾಟರ್‌ಮ್ಯಾನ್‌ಗೆ ತಿಳಿದ ದಿನ, ರಿಪೇರಿಯಾದ ದಿನ, ಅರ್ಜಿದಾರರಿಗೆ ಹೇಳಿದ ದಿನ ಎಂದು ಪಕ್ಕದಲ್ಲಿ ಬರೆಯುತ್ತ ಹೋಗಿ. ಮೊದಲ ಎರಡಕ್ಕೆ ತಾರೀಖು ಸಿಗುತ್ತದೆ. ಉಳಿದ ಮೂರೂ ಖಾಲಿ. ಕೆಲಸ ಆಗಿರಲಿಲ್ಲವೆಂದಲ್ಲ. ವಾಟರ್‌ಮ್ಯಾನ್‌ಗೆ ಫೋನಿನಲ್ಲಿ ಹೇಳಿರುತ್ತಾರೆ, ಅವನು ಮರುದಿನವೇ ವಾಲ್ವ್ ಸರಿಮಾಡಿರುತ್ತಾನೆ, ಕಾಗದಕ್ಕೆ ಮಾತ್ರ ಅದು ಗೊತ್ತಿರುವುದಿಲ್ಲ. ಮನೆಯಲ್ಲಿಲ್ಲದ ದಿನ ನೀರು ಬಂದದ್ದು ತಿಳಿಯದೆ ಅರ್ಜಿದಾರ ಇನ್ನೊಂದು ಅರ್ಜಿ ಕೊಟ್ಟಿರುವುದೂ ಉಂಟು.

ನೀವು ಕಂಪ್ಯೂಟರಿಗೆ ತರಬೇಕಾದದ್ದು ಆ ಮೂರು ಖಾಲಿ ಕಾಲಂಗಳನ್ನು. ಅರ್ಜಿಯ ಹಾಳೆಯನ್ನು ಸ್ಕ್ಯಾನ್ ಮಾಡಿ ಪಿಡಿಎಫ್ ಇಟ್ಟುಕೊಂಡರೆ ಪುಸ್ತಕದಲ್ಲಿದ್ದಷ್ಟೇ ವಿಷಯ ಇನ್ನೊಂದು ಕಡೆ ಸೇರಿತು, ಅಷ್ಟೆ.

ಇದೇ ಹೊತ್ತಿಗೆ ಬೇಡದ್ದನ್ನು ಕಿತ್ತುಹಾಕಿ. ದಾರಿದೀಪ ಆರಿದೆ ಎಂದು ಹೇಳಲು ಆಧಾರ್ ಝೆರಾಕ್ಸ್ ಯಾಕೆ? ನೀರಿನ ದೂರಿಗೆ ರೇಷನ್ ಕಾರ್ಡಿನ ನಕಲು ಯಾರು ನೋಡುತ್ತಾರೆ? ಕೇಳಿದರೆ 'ಮೊದಲಿಂದಲೂ ಹಾಗೇ' ಎಂಬ ಉತ್ತರ ಬರುತ್ತದೆ. ಯಾವ ನಿಯಮದಲ್ಲಿದೆ ಎಂದು ತೋರಿಸಲಾಗದ ಪ್ರತಿ ಲಗತ್ತನ್ನೂ ಈಗಲೇ ಕೈಬಿಡಿ. ಒಮ್ಮೆ ಅದು ಪರದೆಯ ಮೇಲೆ ಕಡ್ಡಾಯದ ಚೌಕವಾಗಿ ಕೂತಿತೆಂದರೆ ಆಮೇಲೆ ತೆಗೆಯುವವರು ಯಾರೂ ಸಿಗುವುದಿಲ್ಲ.

ಉಳಿಯುವ ಕಾಲಂಗಳು ಇಷ್ಟು: ಸಂಖ್ಯೆ, ದಿನ, ಹೆಸರು, ಮನೆ ಮತ್ತು ಕೇರಿ, ಫೋನ್, ಏನು ದೂರು, ಯಾರಿಗೆ ಯಾವ ದಿನ ವಹಿಸಿದೆ, ಮುಗಿದ ದಿನ, ಅರ್ಜಿದಾರರಿಗೆ ತಿಳಿಸಿದ ದಿನ. ಇನ್ನೊಂದು ಸೇರಿಸೋಣ ಎಂದು ಯಾರಾದರೂ ಅಂದರೆ, ಅದನ್ನು ನೋಡಿ ನೀವೇನು ನಿರ್ಧಾರ ತೆಗೆದುಕೊಳ್ಳುತ್ತೀರಿ ಎಂದು ಕೇಳಿ.

ಹೆಸರು, ಊರು, ಅಕ್ಷರ

ಹೆಚ್ಚು ಹೊತ್ತು ಬೇಡುವ ಭಾಗ ಇದು. ಹೆಚ್ಚಿನವರು ಹಾರಿಸಿಬಿಡುವುದೂ ಇದನ್ನೇ.

ಪುಸ್ತಕದಲ್ಲಿ ಒಂದು ಸಾಲು ಹೀಗಿರುತ್ತದೆ ಎಂದಿಟ್ಟುಕೊಳ್ಳಿ: 'ಗ. ಸು. ಹೆಗಡೆ, ಕೆಳಗಿನಕೇರಿ, ನೀರಿನ ಬಗ್ಗೆ'. ಪುಸ್ತಕ ಬರೆದವರಿಗೆ ಇದು ಯಾರೆಂದು ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಘಟ್ಟದ ಮೇಲಿನ ಒಂದೇ ಊರಿನಲ್ಲಿ ಗಣಪತಿ ಸುಬ್ರಾಯ ಹೆಗಡೆ ಎಂಬ ಹೆಸರಿನ ಇಬ್ಬರು ಮೂವರು ಇರುವುದು ಹೊಸತಲ್ಲ. ಅದೇ ಹೆಸರು ಒಂದು ಕಡೆ ಸುಬ್ರಾಯ, ಇನ್ನೊಂದು ಕಡೆ ಸುಬ್ಬರಾಯ. ಹೆಗಡೆ ಒಂದು ಕಡೆ ಹೆಗ್ಡೆ. ಮಹಾಬಲೇಶ್ವರ ಮತ್ತು ಮಾಬ್ಲೇಶ್ವರ ಒಬ್ಬರೇ. ಹುಡುಕುವ ಚೌಕದಲ್ಲಿ ಒಂದನ್ನು ಕೊಟ್ಟರೆ ಇನ್ನೊಂದು ಬರುವುದಿಲ್ಲ. ಆದ್ದರಿಂದ ಹೆಸರನ್ನು ಗುರುತಿನ ಗೂಟವಾಗಿ ನಂಬಬೇಡಿ. ಕರದ ಡಿಮ್ಯಾಂಡ್ ರಿಜಿಸ್ಟರಿನಲ್ಲಿರುವ ಮನೆಯ ಆಸ್ತಿ ಸಂಖ್ಯೆ ಮತ್ತು ಫೋನ್ ನಂಬರ್ ಎರಡನ್ನೂ ಜೊತೆಗೆ ಬರೆದುಕೊಳ್ಳಿ. ಫೋನ್ ಒಂದೇ ಸಾಲದು. ಮಗನ ನಂಬರನ್ನು ಮನೆಮಂದಿಯೆಲ್ಲ ಕೊಡುತ್ತಾರೆ, ಮಗ ಬೆಂಗಳೂರಿನಲ್ಲಿರುತ್ತಾನೆ.

ಹೆಸರನ್ನು ಬರೆಯುವಾಗ ಕೇಳಿದ್ದನ್ನು ಬರೆಯದೆ ಅವರ ಕೈಯಲ್ಲಿರುವ ದಾಖಲೆಯಲ್ಲಿ ಇದ್ದಂತೆ ಬರೆಯಿರಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದವರಿಗೆ ಶಾಲೆ ಸೇರುವುದರಿಂದ ಹಿಡಿದು ಮತದಾರರ ಪಟ್ಟಿಯವರೆಗೆ ಜನನ ಪ್ರಮಾಣಪತ್ರವೇ ಆಧಾರ. ಕಚೇರಿಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಅದನ್ನು ತಿದ್ದಿಸಲು ಅಲೆಯುವವರು ಬೇರೆ ಯಾರೋ ಆಗಿರುತ್ತಾರೆ.

ಊರಿನ ಹೆಸರಿಗೂ ಇದೇ ಪಾಡು. ಶಿರಸಿ ಮತ್ತು ಸಿರ್ಸಿ, ಹೊನ್ನಾವರ ಮತ್ತು ಹೊನಾವರ, ಈಗಿನ ಜೊಯಿಡಾ ಮತ್ತು ಹಳೆಯ ಕಾಗದಗಳ ಸೂಪಾ. ಕಾರವಾರ ಕಡೆ ಒಂದೇ ಜಾಗಕ್ಕೆ ಕೊಂಕಣಿಯಲ್ಲೊಂದು ಉಚ್ಚಾರ, ಕನ್ನಡದಲ್ಲೊಂದು. ಇದಕ್ಕೆ ಮದ್ದು ಸುಲಭ. ಕೇರಿ, ವಾಡಾ, ಮಜಿರೆಗಳ ಪಟ್ಟಿಯನ್ನು ಒಮ್ಮೆ ಮಾಡಿ, ಟೈಪ್ ಮಾಡಲು ಬಿಡದೆ ಆಯ್ಕೆಯಿಂದಲೇ ತುಂಬುವಂತೆ ಮಾಡಿ. ಪಟ್ಟಿ ಮಾಡುವಾಗ ಹಳೆಯ ಬಿಲ್ ಕಲೆಕ್ಟರನ್ನು ಪಕ್ಕಕ್ಕೆ ಕೂರಿಸಿಕೊಳ್ಳಿ. ತೋಟದ ನಡುವೆ ಒಂದೊಂದೇ ಮನೆ ಇರುವ ನಮ್ಮ ಕಡೆ ವಾರ್ಡ್ ನಂಬರ್ ಹಿಡಿದು ಹೊರಟ ಲೈನ್‌ಮನ್ ಸಂಜೆಯವರೆಗೂ ಸುತ್ತಬೇಕಾದೀತು. 'ಗಣಪತಿ ದೇವಸ್ಥಾನದ ಆಚೆ, ಸಂಕ ದಾಟಿ ಎಡಕ್ಕೆ' ಎನ್ನುವುದನ್ನೂ ಬರೆಯಲು ಒಂದು ಚೌಕ ಇರಲಿ.

'ನೀರಿನ ಬಗ್ಗೆ' ಎಂಬುದನ್ನೂ ಒಡೆಯಿರಿ. ನೀರು ಬರುತ್ತಿಲ್ಲ, ಪೈಪ್ ಒಡೆದಿದೆ, ಕೆಸರು ನೀರು, ಬಿಲ್ಲಿನ ತಕರಾರು. ಕರಾವಳಿಯವರು 'ಉಪ್ಪು ನೀರು' ಎಂಬುದನ್ನು ಸೇರಿಸಲೇಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಯಾವ ಕೇರಿಯ ಬಾವಿ ಮೊದಲು ಉಪ್ಪಾಗುತ್ತದೆ ಎಂಬುದು ಎರಡು ವರ್ಷದ ಈ ಪಟ್ಟಿಯಿಂದಲೇ ತಿಳಿಯುತ್ತದೆ, ಟ್ಯಾಂಕರ್ ಎಲ್ಲಿಗೆ ಮೊದಲು ಹೋಗಬೇಕೆಂಬ ಜಗಳ ಅರ್ಧ ಕಡಿಮೆಯಾಗುತ್ತದೆ.

ಇನ್ನು ಅಕ್ಷರ. ಕಚೇರಿಯಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಿಂದ ಮಾಡಿದ ಹಳೆಯ ಕಡತಗಳಲ್ಲಿ ಕನ್ನಡದಂತೆ ಕಾಣುವುದರ ಒಳಗೆ ಇರುವುದು ಇಂಗ್ಲಿಷ್ ಕೀಲಿಗಳ ಸಂಕೇತ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಗೊಂಜಲು. ಪರೀಕ್ಷೆ ಹೀಗೆ: ಒಂದು ಸಾಲನ್ನು ನಕಲಿಸಿ ವಾಟ್ಸಾಪಿಗೆ ಹಾಕಿ. ಕನ್ನಡವಾಗಿಯೇ ಕಂಡರೆ ಯುನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಸಂಕೇತ), ವಿಚಿತ್ರ ಚಿಹ್ನೆಗಳು ಬಂದರೆ ಹಳೆಯದು. ಹೊಸ ಕೆಲಸವೆಲ್ಲ ಯುನಿಕೋಡಿನಲ್ಲೇ ಆಗಲಿ. ಕೀಲಿಮಣೆ ನುಡಿಯದ್ದೇ ಇರಬಹುದು, ಬೆರಳಿಗೆ ಅಭ್ಯಾಸವಾದದ್ದನ್ನು ಬದಲಿಸಬೇಕಿಲ್ಲ. ಹಳೆಯ ಪಟ್ಟಿಯನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳಿರುವ ಹೆಸರುಗಳನ್ನು ಒಬ್ಬರು ಓದಿ ಇನ್ನೊಬ್ಬರು ಮೂಲದೊಡನೆ ತಾಳೆ ನೋಡಿ. ತಪ್ಪು ಅಡಗಿರುವುದು ಅಲ್ಲೇ.

ಯಾವುದರಲ್ಲಿ ಬರೆಯಬೇಕು

ಸ್ಪ್ರೆಡ್‌ಶೀಟ್ ಸಾಕು. ಲಿಬ್ರೆಆಫೀಸ್ ಪುಕ್ಕಟೆ ಸಿಗುತ್ತದೆ. ಪರಿಚಯದ ಹುಡುಗ ಆ್ಯಪ್ ಮಾಡಿಕೊಡುತ್ತಾನೆ ಎಂದರೆ ಒಂದು ವರ್ಷದ ಮಟ್ಟಿಗೆ ಬೇಡ ಎನ್ನಿ. ಅವನಿಗೆ ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಕೆಲಸ ಸಿಕ್ಕ ದಿನ ನಿಮ್ಮ ಆ್ಯಪ್ ಅನಾಥ. ಆನ್‌ಲೈನಿನಲ್ಲಿ ಹಂಚಿಕೊಳ್ಳುವ ಹಾಳೆಯಾದರೆ ಅದು ಕಚೇರಿಯ ಖಾತೆಯಲ್ಲಿರಬೇಕು, ಆಪರೇಟರನ ಸ್ವಂತ ಇಮೇಲ್‌ನಲ್ಲಿ ಕೂಡದು. ಪಾಸ್‌ವರ್ಡ್ ಕನಿಷ್ಠ ಇಬ್ಬರಿಗೆ ಗೊತ್ತಿರಲಿ, ಗೋಡೆಗೆ ಅಂಟಿಸಿ ಊರಿಗೆಲ್ಲ ತಿಳಿಸಬೇಡಿ. ಪಂಚಮಿತ್ರದಿಂದ ಬಂದ ದೂರು, ಫೋನಿನಲ್ಲಿ ಬಂದದ್ದು, ಸದಸ್ಯರು ದಾರಿಯಲ್ಲಿ ಕೇಳಿಸಿಕೊಂಡು ಬಂದದ್ದು, ಎಲ್ಲವೂ ಇದೇ ಹಾಳೆಗೆ ಸೇರಬೇಕು.

ಒಂದು ಎಚ್ಚರಿಕೆ. ಸರ್ಕಾರಿ ಸೇವೆ ಇಷ್ಟು ದಿನದೊಳಗೆ ಸಿಗಬೇಕೆನ್ನುವ ಸಕಾಲ ಯೋಜನೆಯ ಪಟ್ಟಿಯಲ್ಲಿರುವ ಸೇವೆಯನ್ನು ನಿಮ್ಮ ಹಾಳೆಯಲ್ಲಿ ಬರೆದುಕೊಂಡು ಸಕಾಲದಲ್ಲಿ ನೋಂದಾಯಿಸದೆ ಬಿಡುವಂತಿಲ್ಲ. ಅದರ ಹಿಂದಿರುವುದು 2011ರ ಕಾಯ್ದೆ, 2012ರ ಏಪ್ರಿಲ್ 2ರಿಂದ ರಾಜ್ಯವಿಡೀ ಜಾರಿಗೆ ಬಂದದ್ದು. ಅರ್ಜಿದಾರನಿಗೆ 15 ಅಂಕಿಯ ಸಂಖ್ಯೆ ಸಿಗುವುದು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ ಕೇಳಬಹುದಾದದ್ದು ಅವನ ಹಕ್ಕು. ನಿಮ್ಮ ಸ್ಪ್ರೆಡ್‌ಶೀಟ್ ಆ ಹಕ್ಕನ್ನು ನುಂಗಬಾರದು.

ಸರದಿಯ ವಿಷಯದಲ್ಲಿ ಪಹಣಿ ಕೊಡುವ ಭೂಮಿ ತಂತ್ರಾಂಶದಿಂದ ಒಂದನ್ನು ಎರವಲು ಪಡೆಯಿರಿ. ಅದರಲ್ಲಿ ಖಾತೆ ಬದಲಾವಣೆಯ ಅರ್ಜಿಗಳು ಬಂದ ಕ್ರಮದಲ್ಲೇ ಸಾಗುವಂತೆ ಕಟ್ಟಿದ್ದರು. ಮೊದಲು ಬಂದವನನ್ನು ಹಾರಿ ಬೇಕಾದವನದ್ದನ್ನು ಎತ್ತಿಕೊಳ್ಳಲು ಬಾರದು. ನಿಮ್ಮ ಹಾಳೆಯಲ್ಲಿ ಅಂಥ ಬೀಗ ಹಾಕಲಾಗದಿದ್ದರೂ, ಹಾರಿಸಿದ್ದಕ್ಕೆ ಕಾರಣ ಬರೆಯುವ ಚೌಕ ಇಡಬಹುದು. ಒಡೆದ ಪೈಪಿಗೆ ಕಾರಣ ಬರೆಯುವುದು ಸುಲಭ. ಅಧ್ಯಕ್ಷರ ಭಾವನ ಮನೆಯ ದೀಪಕ್ಕೆ ಬರೆಯಲು ಕೈ ಸ್ವಲ್ಪ ತಡೆಯುತ್ತದೆ.

ಕೈಗೆ ಸಂಖ್ಯೆ ಕೊಡಿ

ಅರ್ಜಿದಾರರು ಬರಿಗೈಯಲ್ಲಿ ಮರಳಬಾರದು. ಮುದ್ರಿಸಿದ ಚೀಟಿ, ಇಲ್ಲವೇ ಎಸ್‌ಎಂಎಸ್. ಸಂದೇಶ ಹೀಗಿರಲಿ:

'ನಿಮ್ಮ ದೂರಿನ ಸಂಖ್ಯೆ ನೀರು-47. ವಾಟರ್‌ಮ್ಯಾನ್‌ಗೆ ತಿಳಿಸಿದ್ದೇವೆ. ಗುರುವಾರದೊಳಗೆ ಸರಿಯಾಗದಿದ್ದರೆ ಈ ಸಂಖ್ಯೆ ಹೇಳಿ ಕಚೇರಿಗೆ ಫೋನ್ ಮಾಡಿ.'

'ತಮ್ಮ ಮನವಿಯನ್ನು ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಲಾಗುವುದು' ಎಂದು ಬರೆದರೆ ಕಳಿಸದಿದ್ದಷ್ಟೇ ಫಲ. ದಿನ ಹೇಳಿ, ಯಾರು ಮಾಡುತ್ತಾರೆಂದು ಹೇಳಿ. ಓದಲಾರದವರಿಗೆ, ಕನ್ನಡಕ್ಕಿಂತ ಕೊಂಕಣಿಯೋ ಭಟ್ಕಳ ಕಡೆಯ ನವಾಯತಿಯೋ ಹತ್ತಿರವಿರುವವರಿಗೆ ಫೋನ್ ಮಾಡಿ ಬಾಯಲ್ಲೇ ಹೇಳಿ, ಹಾಗೆ ಹೇಳಿದ ದಿನವನ್ನು ಹಾಳೆಯಲ್ಲಿ ಬರೆಯಿರಿ. ಕೆಲಸ ಮುಗಿದ ಮೇಲೆ ಇನ್ನೊಂದು ಸಂದೇಶ. ಕಚೇರಿಗೆ ಬಂದು 'ನಮ್ಮದು ಏನಾಯ್ತು?' ಎಂದು ಕೇಳುವವರು ಕಡಿಮೆಯಾಗುವುದು ಈ ಎರಡನೆಯ ಸಂದೇಶದಿಂದ.

ಮಳೆ, ಕರೆಂಟು, ನೆಟ್‌ವರ್ಕ್

ಜೂನ್ ಬಂದರೆ ಹೆಸ್ಕಾಂ ತಂತಿಯ ಮೇಲೆ ಮರ ಬೀಳುತ್ತದೆ, ನೆಟ್ ಹೋಗುತ್ತದೆ. 'ಸರ್ವರ್ ಇಲ್ಲ, ನಾಳೆ ಬನ್ನಿ' ಎಂಬ ಮಾತು ಕಾಗದದ ಕಾಲದಲ್ಲಿ ಇರಲಿಲ್ಲ. ದಿನಕ್ಕೆರಡು ಬಸ್ಸಿನ ಊರಿನಿಂದ ಬಂದವರಿಗೆ ಆ ಮಾತಿನ ಬೆಲೆ ಒಂದು ದಿನದ ಕೂಲಿ. ಆದ್ದರಿಂದ ಕರೆಂಟಿಲ್ಲದ ದಿನಕ್ಕೆಂದು ಪ್ರತ್ಯೇಕ ಸಂಖ್ಯೆಗಳ ಮುದ್ರಿತ ಹಾಳೆ ಇಟ್ಟುಕೊಳ್ಳಿ: ಮಳೆ-1, ಮಳೆ-2 ಹೀಗೆ. ಅದೇ ಸಂಖ್ಯೆಯ ಚೀಟಿ ಹರಿದುಕೊಡಿ. ಕರೆಂಟು ಬಂದ ಮೇಲೆ ಕಂಪ್ಯೂಟರಿನ ಹಾಳೆಗೆ ಸೇರಿಸುವಾಗ ಆ ಸಂಖ್ಯೆಯನ್ನೇ ಉಳಿಸಿ, ಹೊಸದು ಕೊಟ್ಟು ಗೊಂದಲ ಮಾಡಬೇಡಿ.

ಕಂಪ್ಯೂಟರಿನ ಹಾಳೆಯ ಪ್ರತಿಗಳ ವಿಷಯಕ್ಕೆ ಬಂದರೆ, ಮೂರು ಕಡೆ ಇರಬೇಕು, ಒಂದು ಊರಾಚೆ ಇರಬೇಕು. 2019ರ ಆಗಸ್ಟಿನಲ್ಲಿ ಕಾಳಿ, ಗಂಗಾವಳಿ ದಂಡೆಯ ಊರುಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಪೆನ್‌ಡ್ರೈವನ್ನು ಅದೇ ಮೇಜಿನ ಡ್ರಾವರಿನಲ್ಲಿಟ್ಟರೆ ಕಂಪ್ಯೂಟರಿನ ಜೊತೆ ಅದೂ ಮುಳುಗುತ್ತದೆ. ಕರಾವಳಿಯ ಪಂಚಾಯತದ ಒಂದು ಪ್ರತಿ ಘಟ್ಟದ ಮೇಲಿನ ಸರ್ಕಾರಿ ಕಚೇರಿಯಲ್ಲಿ, ಘಟ್ಟದವರದ್ದು ಕೆಳಗೆ ಇರುವಂತೆ ತಾಲೂಕು ಪಂಚಾಯತದ ಕಾರ್ಯನಿರ್ವಾಹಕ ಅಧಿಕಾರಿಯ (ಇಒ) ಮೂಲಕ ಬರಹದಲ್ಲಿ ಏರ್ಪಾಡು ಮಾಡಿಕೊಳ್ಳಿ. ಅದರಲ್ಲಿ ಜನರ ಫೋನ್ ನಂಬರುಗಳಿರುತ್ತವೆ, ಪಾಸ್‌ವರ್ಡ್ ಹಾಕಿಯೇ ಕಳಿಸಬೇಕು.

ಕೆಂಪು ಗೆರೆ

ಹೆಚ್ಚಿನ ಕಚೇರಿಗಳು ಸೋಲುವುದು ಇಲ್ಲಿ. ಕಂಪ್ಯೂಟರಿನಲ್ಲೂ ಬರೆಯುತ್ತಾರೆ, ಪುಸ್ತಕದಲ್ಲೂ ಬರೆಯುತ್ತಾರೆ, ಇರಲಿ ಎಂದು. ಕೆಲಸ ಎರಡು ಪಟ್ಟಾಗುತ್ತದೆ, ಒತ್ತಡದ ದಿನ ಬಂದಾಗ ಬಿಟ್ಟುಹೋಗುವುದು ಕಂಪ್ಯೂಟರಿನದ್ದೇ. ಆರು ತಿಂಗಳಲ್ಲಿ ಹಾಳೆ ನಂಬಲಾಗದಂತಾಗುತ್ತದೆ, 'ನಮ್ಮಲ್ಲಿ ಡಿಜಿಟಲ್ ಆಗಲಿಲ್ಲ' ಎಂಬ ತೀರ್ಮಾನ ಸುಲಭವಾಗಿ ಬರುತ್ತದೆ.

ಎರಡೂ ಜೊತೆಯಾಗಿ ನಡೆಯುವುದು ಎರಡು ವಾರ ಮಾತ್ರ. ಅದಕ್ಕೂ ಮೊದಲು ಸಾಮಾನ್ಯ ಸಭೆಯಲ್ಲಿ ಠರಾವು ಮಾಡಿ: ಇಂಥ ದಿನದಿಂದ ನೀರು ಮತ್ತು ದಾರಿದೀಪದ ದೂರುಗಳ ನೋಂದಣಿ ಗಣಕದಲ್ಲಿ. ಇಒ ಅವರಿಗೆ ಬರಹದಲ್ಲಿ ತಿಳಿಸಿ. ಆ ದಿನ ಪುಸ್ತಕದ ಕೊನೆಯ ನಮೂದಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು, ಕೊನೆಯ ಸಂಖ್ಯೆ, ತಾರೀಖು, ಠರಾವಿನ ಸಂಖ್ಯೆ ಬರೆದು ಪಿಡಿಒ ಸಹಿ, ಸೀಲು. ಪುಸ್ತಕ ಕಪಾಟಿಗೆ. ಬೇರೆ ಅರ್ಜಿಗಳಿಗೆ ಪುಸ್ತಕ ಇನ್ನೂ ಬೇಕೆಂದರೆ ಹೊಸದೊಂದು ತೆರೆಯಿರಿ, ಈ ಗೆರೆಯ ಕೆಳಗೆ ಏನನ್ನೂ ಬರೆಯಬೇಡಿ.

ಆಡಿಟ್‌ನವರು ಒಪ್ಪುತ್ತಾರೆಯೇ ಎಂಬ ಹೆದರಿಕೆಯೇ ಪುಸ್ತಕವನ್ನು ಜೀವಂತವಾಗಿಡುವುದು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 4ನೇ ಕಲಂ ವಿದ್ಯುನ್ಮಾನ ದಾಖಲೆಗೆ ಕಾನೂನಿನ ಮಾನ್ಯತೆ ಕೊಡುತ್ತದೆ. ಮಾಹಿತಿ ಹಕ್ಕು ಕಾಯ್ದೆಯ 4(1)(ಎ) ಕಲಂ ಇನ್ನೂ ಮುಂದೆ ಹೋಗಿ, ತಕ್ಕ ದಾಖಲೆಗಳನ್ನು ಸೂಚಿ ಸಮೇತ ಗಣಕೀಕರಿಸುವುದು ಕಚೇರಿಯ ಕರ್ತವ್ಯ ಎನ್ನುತ್ತದೆ. ಆದರೂ ಪ್ರತಿ ಶುಕ್ರವಾರ ವಾರದ ಪಟ್ಟಿಯನ್ನು ಮುದ್ರಿಸಿ ಪುಟಕ್ಕೊಂದು ಸಹಿ ಹಾಕಿ ಫೈಲಿಗೆ ಸೇರಿಸಿ. ಐದು ನಿಮಿಷದ ಕೆಲಸ, ಸಿಬ್ಬಂದಿಗೆ ನೆಮ್ಮದಿಯ ನಿದ್ದೆ ಬರುತ್ತದೆ. ಕಂಪ್ಯೂಟರಿನಲ್ಲಿ ಯಾರಾದರೂ ಹಳೆಯ ತಾರೀಖು ತಿದ್ದಿದರೆ ಸಿಕ್ಕಿಬೀಳುವುದೂ ಈ ಹಾಳೆಯಿಂದಲೇ.

ಹಳೆಯ ಕಟ್ಟುಗಳು

ಇದಕ್ಕೆ ಆತುರ ಬೇಡ. ಮೊದಲು ಸೂಚಿ: ಯಾವ ಕಪಾಟಿನಲ್ಲಿ ಯಾವ ವರ್ಷದ ಏನಿದೆ. ನಂತರ ಜನ ಪದೇ ಪದೇ ನಕಲು ಕೇಳುವುದನ್ನು ಮಾತ್ರ ಸ್ಕ್ಯಾನ್ ಮಾಡಿ, 300 ಡಿಪಿಐ ಸ್ಪಷ್ಟತೆಯಲ್ಲಿ, ಬಹುಕಾಲ ಉಳಿಸಿಡಲೆಂದೇ ಇರುವ ಪಿಡಿಎಫ್-ಎ ಬಗೆಯಲ್ಲಿ. ಕಡತದ ಹೆಸರು ವರ್ಷದಿಂದ ಆರಂಭವಾಗಲಿ. ಡಿಸೆಂಬರ್-ಜನವರಿಯ ಒಣಹವೆಯಲ್ಲಿ ಮಾಡಿ. ಮಳೆಗಾಲದಲ್ಲಿ ತೆರೆದರೆ ಹಾಳೆಗಳು ಒಂದಕ್ಕೊಂದು ಅಂಟಿರುತ್ತವೆ, ಬಿಡಿಸಹೋದರೆ ಹರಿಯುತ್ತವೆ. ರಿಜಿಸ್ಟರನ್ನು ಕಚೇರಿಯ ಹೊಸ್ತಿಲು ದಾಟಿಸಬೇಡಿ, ಸ್ಕ್ಯಾನ್ ಮಾಡುವವರೇ ಒಳಗೆ ಬರಲಿ. ಸ್ಕ್ಯಾನ್ ಆಯಿತೆಂದು ಮೂಲವನ್ನು ಗುಜರಿಗೆ ಹಾಕುವ ಅಧಿಕಾರ ಯಾರಿಗೂ ಇಲ್ಲ.

ಬೆರಳು, ಒಟಿಪಿ, ಹಣ

ಗುಡ್ಡ ಹತ್ತಿದರೆ ಮಾತ್ರ ಸಿಗ್ನಲ್ ಸಿಗುವ ಊರುಗಳಲ್ಲಿ ಒಟಿಪಿ ಬರುವ ಹೊತ್ತಿಗೆ ಅದರ ಅವಧಿ ಮುಗಿದಿರುತ್ತದೆ. ನಿಮ್ಮದೇ ಪ್ರಕ್ರಿಯೆಯಲ್ಲಿ ಒಟಿಪಿ ಇಡಲೇಬೇಡಿ. ಸರ್ಕಾರದ ಬೇರೆ ಸೇವೆಗಳಿಗೆ ಅದು ಬೇಕಾದಾಗ, ಕಚೇರಿಯ ಯಾವ ಮೂಲೆಯಲ್ಲಿ ಯಾವ ಕಂಪನಿಯ ಸಿಗ್ನಲ್ ಬರುತ್ತದೆಂದು ನೋಡಿಟ್ಟು ಬಾಗಿಲಲ್ಲಿ ಬರೆದುಬಿಡಿ. ನಗು ಬರಬಹುದು, ಉಪಯೋಗವಾಗುತ್ತದೆ.

ಅಡಿಕೆ ಸುಲಿಯುವವರ ಬೆರಳಿಗೆ ಚೊಗರು ಹಿಡಿದಿರುತ್ತದೆ, ಮೀನು ಹಚ್ಚುವ ಹೆಂಗಸರ ಬೆರಳಗೆರೆ ಸವೆದಿರುತ್ತದೆ. ಬೆರಳಚ್ಚಿನ ಯಂತ್ರ ಒಪ್ಪದಿದ್ದರೆ ಸೋಪು ಹಾಕಿ ತೊಳೆಸಿ, ಬೇರೆ ಬೆರಳು ನೋಡಿ, ಕಣ್ಣಿನ ಪಾಪೆಯ ಅಥವಾ ಮುಖದ ಗುರುತಿನ ದಾರಿ ಇದೆಯೇ ನೋಡಿ. ಯಂತ್ರ ಒಪ್ಪಲಿಲ್ಲವೆಂಬುದು ಅರ್ಜಿ ತಿರಸ್ಕರಿಸಲು ಕಾರಣವಾಗಕೂಡದು. ಆಧಾರ್ ನಿಜಕ್ಕೂ ಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ತೆಗೆದುಕೊಳ್ಳಿ. ಡಿಜಿಲಾಕರಿನಲ್ಲಿ ಇಲಾಖೆಯೇ ನೀಡಿದ ದಾಖಲೆಯನ್ನು ತೋರಿಸಿದರೆ ಅದು ಮೂಲಕ್ಕೆ ಸಮ, ಮತ್ತೆ ಝೆರಾಕ್ಸ್ ಕೇಳಬೇಡಿ.

ಹಣ ಪಡೆಯುವ ಕ್ಯೂಆರ್ ಕೋಡ್ ಪಂಚಾಯತದ ಖಾತೆಯದ್ದೇ ಇರಬೇಕು, ಯಾರ ಸ್ವಂತ ಫೋನಿನದ್ದೂ ಅಲ್ಲ. ಪ್ರತಿ ಬೆಳಿಗ್ಗೆ ಅದನ್ನೊಮ್ಮೆ ಸ್ಕ್ಯಾನ್ ಮಾಡಿ ಖಾತೆಯ ಹೆಸರು ನೋಡಿ, ಮೇಲೆ ಬೇರೆ ಚೀಟಿ ಅಂಟಿಸಿ ವಂಚಿಸುವವರಿದ್ದಾರೆ. ಸಂಜೆ ಯುಪಿಐಯ 12 ಅಂಕಿಯ ವ್ಯವಹಾರ ಸಂಖ್ಯೆಗಳನ್ನು ರಸೀದಿಗಳ ಜೊತೆ ತಾಳೆ ಹಾಕಿ. ನಗದು ತಂದವರನ್ನು ವಾಪಸು ಕಳಿಸಬೇಡಿ.

ಮೂರು ತಿಂಗಳಾದ ಮೇಲೆ

ಹಾಳೆಯನ್ನು ಬಂದ ದಿನದ ಕ್ರಮದಲ್ಲಿ ಜೋಡಿಸಿ, ಮುಗಿಯದೇ ಉಳಿದ ಅತಿ ಹಳೆಯ ಐದು ದೂರುಗಳನ್ನು ಮಾಸಿಕ ಸಭೆಯಲ್ಲಿ ಓದಿ. ಸರಾಸರಿ ಎಷ್ಟು ದಿನ ಎಂಬ ಲೆಕ್ಕಕ್ಕಿಂತ ಈ ಐದು ಸಾಲು ಹೆಚ್ಚು ಹೇಳುತ್ತವೆ. ಆರು ತಿಂಗಳಿಗೊಮ್ಮೆಯಾದರೂ ಸೇರುವ ಗ್ರಾಮ ಸಭೆಯಲ್ಲಿ ಕೇರಿವಾರು ಪಟ್ಟಿಯನ್ನು ಗೋಡೆಗೆ ಹಚ್ಚಿ. ಹೆಸರು, ಫೋನ್ ತೆಗೆದು, ಸಂಖ್ಯೆ ಮತ್ತು ದಿನ ಮಾತ್ರ ಇರಲಿ. 'ತಿಳಿಸಿದ ದಿನ' ಎಂಬ ಕಾಲಂ ಮುಕ್ಕಾಲು ಭಾಗವಾದರೂ ತುಂಬಿದ್ದರೆ ಮುಂದಿನ ಅರ್ಜಿಯನ್ನು ಎತ್ತಿಕೊಳ್ಳಬಹುದು. ದೃಢೀಕೃತ ನಕಲಿನ ಅರ್ಜಿ ಅದಕ್ಕೆ ಸರಿ, ಅಷ್ಟರಲ್ಲಿ ನಿಮ್ಮ ಕಪಾಟಿನ ಸೂಚಿಯೂ ಸಿದ್ಧವಾಗಿರುತ್ತದೆ. ತುಂಬಿಲ್ಲವಾದರೆ ವಾಟರ್‌ಮ್ಯಾನ್ ಕೆಲಸ ಮುಗಿಸಿ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಮೊದಲು ಇತ್ಯರ್ಥ ಮಾಡಿ.